ಹಿಮ್ಮಡಿ ಕಚ್ಚುವ ನಾಯಿ

ನೇಯ್ಗೆ ಗಿರಣಿಯ ಎರಡನೇ ಶೆಡ್ಡಿನಲ್ಲಿ ಎಲ್ಲಿಯೂ ಬರೆದಿಡದ ಒಂದು ನಿಯಮವಿತ್ತು: ಮಗ್ಗದ ಮುಂದೆ ನಿಂತವರನ್ನು ಹಿಂದಿನಿಂದ ಮುಟ್ಟಬಾರದು. ಹೊಸದಾಗಿ ಸೇರಿದವರಿಗೆ ಕಡಿದ ನೂಲಿಗೆ ಗಂಟು ಹಾಕುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸುತ್ತಿದ್ದರು. ಇನ್ನೂರು ಯಂತ್ರಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಹೆಜ್ಜೆಯ ಸದ್ದು ಕೇಳದು. ಕೈಗಳು ಮಗ್ಗದೊಳಗಿರುವಾಗ ಹೆಗಲ ಮೇಲೆ ಯಾರದೋ ಅಂಗೈ ಬಿದ್ದರೆ ಮೈ ಬೆಚ್ಚುತ್ತದೆ. ಬೆಚ್ಚಿದ ಕೈ ಯಾವ ಹಲ್ಲುಚಕ್ರದ ನಡುವೆ ಹೋದೀತೆಂದು ಹೇಳಲಾಗದು. ಆದ್ದರಿಂದ ಏನಾದರೂ ಹೇಳಬೇಕಾದವರು ಇಡೀ ಸಾಲನ್ನು ಸುತ್ತಿ ಬಂದು, ಎದುರಿಗೆ ನಿಂತು, ಕಣ್ಣಿಗೆ ಕಣ್ಣು ಸೇರುವವರೆಗೆ ಕಾದು, ಆಮೇಲಷ್ಟೇ ತುಟಿ ಆಡಿಸುತ್ತಿದ್ದರು. ದನಿ ಯಾರಿಗೂ ಬೇಕಿರಲಿಲ್ಲ. ಮದುವೆ, ಮರಣ, ಮೇಸ್ತ್ರಿಯ ಹೊಸ ಶರಟು, ಎಲ್ಲವೂ ಆ ಶೆಡ್ಡಿನಲ್ಲಿ ತುಟಿಯಿಂದ ಕಣ್ಣಿಗೆ ಸಾಗುತ್ತಿತ್ತು.

ಉದ್ದಕ್ಕ ಈ ನಿಯಮದ ಅಡಿಯಲ್ಲಿ ಮೂವತ್ತನಾಲ್ಕು ವರ್ಷ ಬಾಳಿದ್ದಳು. ಹದಿನೇಳಕ್ಕೆ ಸೇರಿದಾಗಲೇ ಆಳೆತ್ತರಕ್ಕೂ ಒಂದು ಗೇಣು ಮಿಗಿಲಾಗಿದ್ದುದರಿಂದ ಬಂದ ಹೆಸರದು. ಬೆಚ್ಚಿದಾಗ ಕೈ ಮಿಸುಕದಂತೆ, ಆ ಬೆಚ್ಚುವಿಕೆಯೆಲ್ಲ ಕಾಲಿಗೆ ಇಳಿಯುವಂತೆ ಆಕೆ ತನ್ನ ಮೈಯನ್ನು ಪಳಗಿಸಿಕೊಂಡಿದ್ದಳು. ಹಿಂದಿನಿಂದ ಏನಾದರೂ ತಗುಲಿದರೆ ಕೈಗಳು ಕಲ್ಲಿನಂತೆ ನಿಲ್ಲುತ್ತಿದ್ದವು, ಬಲಗಾಲು ಮಾತ್ರ ತಾನಾಗಿ ಹಿಂದಕ್ಕೆ ಹಾರುತ್ತಿತ್ತು. ‘ಉದ್ದಕ್ಕನ ಹಿಂದೆ ಹೋದರೆ ಕುದುರೆಯ ಹಿಂದೆ ಹೋದಂತೆ’ ಎಂಬ ಮಾತು ಶೆಡ್ಡಿನಲ್ಲಿತ್ತು. ಮದುವೆಯ ಪ್ರಸ್ತಾಪ ಎರಡು ಸಲ ಬಂದು ಎರಡು ಸಲವೂ ಹೊಸ್ತಿಲು ದಾಟದೆ ಹೋಗಿತ್ತು. ಒಬ್ಬ ತಂಗಿಯನ್ನು ಓದಿಸಿ, ಅವಳಿಗೆ ಮನೆಯಾಗುವವರೆಗೆ ನೋಡಿಕೊಂಡು, ಆಮೇಲೆ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು.

ಶೆಡ್ಡು ಎಲ್ಲರಿಂದಲೂ ಏನಾದರೊಂದನ್ನು ಇಟ್ಟುಕೊಳ್ಳುತ್ತದೆ. ಉದ್ದಕ್ಕನಿಂದ ಕಿವಿಗಳನ್ನು ಇಟ್ಟುಕೊಂಡಿತು. ನಲವತ್ತೆಂಟರ ಸುಮಾರಿಗೆ ಮಗ್ಗಗಳ ಸದ್ದೇ ಮೆತ್ತಗಾದಂತೆ ಆಕೆಗೆ ತೋರಿತು; ಮಗ್ಗಗಳು ಮೆತ್ತಗಾಗಿರಲಿಲ್ಲ. ಡಾಕ್ಟರು ಪರೀಕ್ಷಿಸಿ, ಉಳಿದಿರುವುದು ಸ್ವಲ್ಪ, ಅದೂ ಎರಡು ಮೂರು ವರ್ಷದ ಮಾತು ಎಂದರು. ಶ್ರವಣಯಂತ್ರ ಹಾಕಿ ನೋಡಿದ್ದಾಯಿತು. ಶೆಡ್ಡನ್ನೇ ಕಿವಿಯೊಳಗೆ ಹೊತ್ತುಕೊಂಡಂತಾಗಿ ಆಕೆ ಅದನ್ನು ತೆಗೆದಿಟ್ಟಳು. ಗಿರಣಿಯವರು ಆಕೆಯನ್ನು ಮಗ್ಗದಿಂದ ಬಿಡಿಸಿ ಬಟ್ಟೆ ತಪಾಸಣೆಯ ಮೇಜಿಗೆ ಹಾಕಿದರು. ಬೆಳಗಿನ ಪಾಳಿ, ಮಧ್ಯಾಹ್ನಕ್ಕೆ ಬಿಡುವು. ಎದುರಿಗೆ ನಿಂತು ಆಡಿದ ಮಾತನ್ನೆಲ್ಲ ತುಟಿ ನೋಡಿಯೇ ತಿಳಿಯುತ್ತಿದ್ದುದರಿಂದ, ಆಕೆಗೆ ಕಿವಿ ಕೇಳದೆಂದು ಕಟ್ಟಡದಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಒಂದು ಮಧ್ಯಾಹ್ನ, ತಳಮಹಡಿಯಲ್ಲಿ ರಟ್ಟಿನ ಡಬ್ಬಗಳಿಗೆ ಕಿಡಿ ತಗುಲಿ ಹೊಗೆ ಎದ್ದಾಗ. ಪ್ರತಿ ಮಹಡಿಯ ಅಪಾಯದ ಗಂಟೆಯೂ ಬಡಿದುಕೊಂಡಿತು. ಜನರೆಲ್ಲ ಬೀದಿಗೆ ಇಳಿದು ತಲೆ ಎಣಿಸಿದಾಗ ಒಂದು ಕಡಿಮೆಯಿತ್ತು. ಕೆಳಗಿನ ಮನೆಯವನು ಮತ್ತೆ ಮೇಲಕ್ಕೆ ಓಡಿ, ಬಾಗಿಲು ತಟ್ಟಿ, ಒದ್ದು, ಕೊನೆಗೆ ಚಿಲಕವನ್ನೇ ಮುರಿದು ಒಳನುಗ್ಗಿದರೆ, ಉದ್ದಕ್ಕ ಬಚ್ಚಲಲ್ಲಿ ಕುಳಿತು ಹೊದಿಕೆಗೆ ಸೋಪು ಹಚ್ಚುತ್ತಿದ್ದಳು. ಬೆಂಕಿ ದೊಡ್ಡದಾಗಲಿಲ್ಲ. ಆದರೆ ಮನೆ ಮಾಲೀಕರು ಮರುದಿನ ಬಂದರು. ಕೆಟ್ಟ ಮನುಷ್ಯರಲ್ಲ, ರಾತ್ರಿಯೆಲ್ಲ ನಿದ್ದೆಗೆಟ್ಟವರ ಮುಖ ಅವರದಾಗಿತ್ತು.

“ಅಮ್ಮಾ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಇಪ್ಪತ್ತು ವರ್ಷದಿಂದ ಇದ್ದೀರಿ, ಒಂದು ಮೊಳೆ ಹೊಡೆಯೋಕೂ ನನ್ನ ಕೇಳಿದ್ದೀರಿ. ಆದ್ರೆ ನಾಳೆ ಏನಾದ್ರೂ ಆದ್ರೆ, ಈ ಬಾಗಿಲನ್ನ ದಿನಾ ನೋಡ್ಕೊಂಡು ಓಡಾಡಬೇಕಾದವನು ನಾನಲ್ವಾ?”

“ಏನು ಮಾಡ್ಬೇಕು ಅಂತ ಹೇಳಿ.”

“ಕರಾರು ಮುಗಿಯೋಕೆ ಇನ್ನೂ ಆರು ತಿಂಗಳಿದೆ. ಅಷ್ಟರೊಳಗೆ ಜೊತೆಗೆ ಯಾರಾದ್ರೂ ಇರ್ಲಿ. ಗಂಟೆ ಹೊಡ್ಕೊಂಡ್ರೆ ನಿಮಗೆ ತಿಳಿಯೋ ಹಾಗಾಗ್ಲಿ. ಇಲ್ಲಾಂದ್ರೆ...”

ಮುಂದಿನ ಮಾತನ್ನು ಅವರು ಮುಖ ಬೇರೆ ಕಡೆ ತಿರುಗಿಸಿ ಆಡಿದರು. ಅದು ಉದ್ದಕ್ಕನಿಗೆ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

ತಂಗಿ ಆ ಸಂಜೆಯೇ ಓಡಿ ಬಂದಳು. ಗಂಟೆ ಬಾರಿಸಿದರೆ ಮಿನುಗುವ ದೀಪವೊಂದನ್ನು ತಂದು ಮುಂದಿನ ಕೋಣೆಯಲ್ಲಿ ಹಾಕಿಸಿದಳು. ದೀಪ, ತನ್ನನ್ನು ನೋಡುತ್ತಿರುವವರಿಗೆ ಮಾತ್ರ ಕಾಣುತ್ತದೆ. ಬಚ್ಚಲಿಗೂ ಅಡುಗೆಮನೆಗೂ ಅದು ಇಲ್ಲದಂತೆಯೇ.

“ನಮ್ಮನೆಗೆ ಬಂದ್ಬಿಡು ಅಕ್ಕಾ. ಕೋಣೆ ಖಾಲಿ ಬಿದ್ದಿದೆ. ನೀನು ನನ್ನ ನೋಡ್ಕೊಂಡಿಲ್ವಾ? ಈಗ ನನ್ನ ಸರದಿ.”

ಪ್ರೀತಿಯ ಮಾತೇ. ಆದರೆ ತಂಗಿಯ ಮನೆಗೆ ಹೋದಾಗಲೆಲ್ಲ ಉದ್ದಕ್ಕ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಸ್ನಾನಕ್ಕೆ ಹೋದರೆ ತಂಗಿ ಬಾಗಿಲಾಚೆ ನಿಂತಿರುತ್ತಿದ್ದಳು. ತಾನು ಎತ್ತಿ ಆಡಿಸಿದವಳ ಕಣ್ಣಿನಲ್ಲಿ ದಿನವೂ ಆ ಕಾವಲನ್ನು ಕಂಡು ಬದುಕುವುದು ತನ್ನಿಂದಾಗದೆಂದು ಆಕೆಗೆ ಗೊತ್ತಿತ್ತು. ತನ್ನ ಬಾಗಿಲನ್ನು ತಾನೇ ತೆರೆದು ತಾನೇ ಮುಚ್ಚುವ ಬದುಕು ಉಳಿಯುವುದೋ ಇಲ್ಲವೋ, ಪ್ರಶ್ನೆ ಅಷ್ಟೇ ಆಗಿತ್ತು.

ನಾಯಿಯ ಮಾತನ್ನು ಎತ್ತಿದವಳು ಎಂಟಕ್ಕ. ಒಂದು ಕಾಲಕ್ಕೆ ಉದ್ದಕ್ಕನ ಎದುರು ಮಗ್ಗದವಳು, ಈಗ ಗಿರಣಿಯ ನೂಲಿನ ಉಗ್ರಾಣದಲ್ಲಿರುವವಳು. ಬಲಗೈಯಲ್ಲಿ ಎರಡು ಬೆರಳಿಲ್ಲದ್ದರಿಂದ ಶೆಡ್ಡು ಅವಳಿಗೆ ಆ ಹೆಸರಿಟ್ಟಿತ್ತು. ಅವಳೂ ಅದನ್ನು ಒಡವೆಯಂತೆ ಧರಿಸಿ ಓಡಾಡುತ್ತಿದ್ದಳು.

“ಒಂದು ನಾಯಿ ಇಟ್ಕೊಳ್ಳೇ ಉದ್ದಿ.”

“ಬೊಗಳಿದ್ರೆ ನನಗೇನು ಕೇಳುತ್ತಾ?”

“ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ. ನಿನಗೆ ಕಚ್ಚೋದನ್ನೇ ಹುಡುಕ್ಬೇಕು, ಅಷ್ಟೇ.”

ಎಂಟಕ್ಕ ನಗೆಗೆ ಆಡಿದ್ದನ್ನು ಉದ್ದಕ್ಕ ನಗೆಗೆ ತೆಗೆದುಕೊಳ್ಳಲಿಲ್ಲ. ಮಾಲೀಕರ ಹತ್ತಿರ ಹೋಗಿ ಕೇಳಿದಳು. ಅವರು ಗಲ್ಲ ತುರಿಸಿಕೊಂಡು, “ಆಗ್ಲಿ. ಆದ್ರೆ ನಾನೇ ಬಂದು ಗಂಟೆ ಒತ್ತಿ ನೋಡ್ತೀನಿ” ಎಂದರು.

ಹುಟ್ಟಿದಂದಿನಿಂದ ಆಕೆ ನಾಯಿ ಸಾಕಿದವಳಲ್ಲ. ಹಾಗಾಗಿ ಬಟ್ಟೆಯ ತಪ್ಪು ಹುಡುಕುವ ರೀತಿಯಲ್ಲೇ ನಾಯಿಗಳನ್ನೂ ಹುಡುಕಿದಳು: ವಾಚನಾಲಯದಲ್ಲಿ ಒಂದು ದಪ್ಪ ಪುಸ್ತಕವನ್ನು ಮುಂದಿಟ್ಟುಕೊಂಡು, ಹಾಳೆಯಿಂದ ಹಾಳೆಗೆ, ಬೆರಳಿಟ್ಟು. ದೊಡ್ಡ ಕಾವಲು ನಾಯಿಗಳಿಗೆ ಎರಡು ಕೋಣೆ ಸಾಲದು. ಮಡಿಲಲ್ಲಿ ಕೂರುವ ಪುಟ್ಟವು ಕುಳಿತಲ್ಲಿಂದಲೇ ಬೊಗಳುತ್ತವೆ. ಲ್ಯಾಬ್ರಡಾರ್ ಸಾಧು, ಸರಿ. ಆದರೆ ಹೊಗೆ ಬಂದಾಗಲೂ ಸಾಧುವಾಗಿಯೇ ಇದ್ದರೆ? ಪ್ರತಿಯೊಂದು ತಳಿಗೂ ‘ಗುಣಗಳು’, ‘ದೋಷಗಳು’ ಎಂದು ಎರಡು ಭಾಗ. ಉದ್ದಕ್ಕ ದೋಷಗಳನ್ನಷ್ಟೇ ಓದುತ್ತ ಬಂದಳು. ಕಾರ್ಗಿ ಎಂಬ ಗಿಡ್ಡಗಾಲಿನ ತಳಿಯ ಪುಟದಲ್ಲಿ ಆಕೆಯ ಬೆರಳು ನಿಂತಿತು. ‘ದನ ಅಟ್ಟುವ ಕೆಲಸಕ್ಕೆ ಬೆಳೆಸಿದ ತಳಿ. ಮನೆಯವರು ತನ್ನ ಮಾತು ಕೇಳದಿದ್ದರೆ ಹಿಂದಿನಿಂದ ಬಂದು ಹಿಮ್ಮಡಿ ಕಚ್ಚುವ ಚಾಳಿಯಿದೆ. ಮೊದಲ ಸಲ ನಾಯಿ ಸಾಕುವವರು ಎರಡು ಬಾರಿ ಯೋಚಿಸುವುದು ಒಳಿತು.’ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಳು. ಪುಸ್ತಕ ತನ್ನದಲ್ಲವೆಂದು ನೆನಪಾಗಿ ಅಳಿಸಿದಳು. ಎರಡು ಬಾರಿಯಲ್ಲ, ಒಂದು ತಿಂಗಳು ಯೋಚಿಸಿದಳು.

ಊರಂಚಿನಲ್ಲಿ ಬೇಲಿ ಹಾಕಿದ ಅಂಗಳವೊಂದರಲ್ಲಿ ಕಾರ್ಗಿಗಳನ್ನು ಸಾಕಿ ಕೊಡುವ ಹೆಂಗಸೊಬ್ಬಳಿದ್ದಳು. ಗಟ್ಟಿ ಮೈಯ, ಒರಟು ಬೂಟಿನ, ನಾಯಿಗಳನ್ನು ಹೆಣ್ಣು ಕೊಡುವಷ್ಟೇ ವಿಚಾರಿಸಿ ಕೊಡುವವಳು.

“ಇದೇ ಮೊದಲನೇ ನಾಯೀನಾ?”

“ಹೌದು.”

“ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತೀರಿ. ಈ ಜಾತೀದು ಬೆನ್ನು ನೋಡಿ, ಬೆಂಚಿನ ಹಾಗಿರುತ್ತೆ. ದಿನಾ ಮೆಟ್ಟಿಲು ಹತ್ತಿ ಇಳಿಸಿದ್ರೆ ವಯಸ್ಸಾಗೋ ಮೊದಲೇ ಸೊಂಟ ಬಿದ್ದುಹೋಗುತ್ತೆ.”

“ಎತ್ಕೊಂಡು ಹೋಗ್ತೀನಿ.”

“ದಿನಕ್ಕೆ ಮೂರು ಸಲ? ಹನ್ನೆರಡು ಕಿಲೋ ತೂಗುತ್ತೆ.”

“ನೂಲಿನ ಮೂಟೆ ಹೊತ್ತಿರೋ ತೋಳು ಇದು.”

“ಮನೆ ತುಂಬ ಕೂದಲು ಉದುರಿಸುತ್ತೆ.”

“ಮೂವತ್ತನಾಲ್ಕು ವರ್ಷ ಹತ್ತಿ ಧೂಳು ಕುಡಿದಿದ್ದೀನಿ.”

“ಹಟಮಾರಿ ಜಾತಿ.”

“ನನ್ನ ತಂಗೀನೂ ನನಗೆ ಅದನ್ನೇ ಹೇಳ್ತಾಳೆ.”

ಹೆಂಗಸು ಮೊದಲ ಬಾರಿಗೆ ನಕ್ಕು ಮರಿಗಳ ಗೂಡಿನ ಕಡೆ ಕರೆದೊಯ್ದಳು. ನರಿಬಣ್ಣದ ಐದು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಉದ್ದಕ್ಕ ಬಗ್ಗಿ ನೋಡಿ ಕೇಳಿದಳು: “ಇವುಗಳಲ್ಲಿ ಹಿಮ್ಮಡಿ ಕಚ್ಚೋದು ಯಾವುದು?”

“ಎಲ್ಲರೂ ಕಚ್ಚದೇ ಇರೋದು ಕೊಡಿ ಅಂತಾರೆ!”

ಆಗ ಉದ್ದಕ್ಕ ತನ್ನ ಕಿವಿಯ ಕಥೆಯನ್ನು ಹೇಳಿದಳು. ಹೆಂಗಸು ಅಂಗಳದ ಆ ತುದಿಯಲ್ಲಿ ಬೇರೆಯಾಗಿ ಇಟ್ಟಿದ್ದ ಒಂದನ್ನು ಬಿಟ್ಟಳು. ಹನ್ನೊಂದು ತಿಂಗಳ ಹೆಣ್ಣು. ಎರಡು ಮನೆಗಳಿಂದ ವಾಪಸು ಬಂದದ್ದು. ಎರಡು ಕಡೆಯೂ ಒಂದೇ ದೂರು. ಗೇಣುದ್ದದ ಕಾಲು, ಬಿಳಿಯ ಎದೆ, ಬಾಲವಿರಬೇಕಾದಲ್ಲಿ ಬರಿಯ ಒಂದು ಕುಚ್ಚು. ಹೆಂಗಸು ಬೇಲಿಯ ಬಾಗಿಲ ಕಡೆ ನಡೆದಳೋ ಇಲ್ಲವೋ, ಅದು ಅರ್ಧಚಂದ್ರಾಕಾರವಾಗಿ ಸುತ್ತಿ ಹಿಂದಿನಿಂದ ಬಂದು ಅವಳ ಬೂಟಿನ ಹಿಮ್ಮಡಿಯನ್ನು ಹಲ್ಲಿನಲ್ಲಿ ಹಿಡಿದು ಬಿಟ್ಟು, ಪಕ್ಕಕ್ಕೆ ಸರಿದು, ಮತ್ತೆ ಹಿಡಿಯಿತು. ಗಾಯವಾಗದ, ಆದರೆ ಅಲಕ್ಷಿಸಲಾಗದ ಹಿಡಿತ.

“ಹಸು ಒದ್ರೂ ಕಾಲು ಇದರ ತಲೆ ಮೇಲಿಂದ ಹೋಗ್ಬೇಕು, ಅದಕ್ಕೇ ಇಷ್ಟು ಗಿಡ್ಡ” ಎಂದಳು ಹೆಂಗಸು. “ಯೋಚಿಸಿ. ಮೂರನೇ ಸಲ ವಾಪಸು ಬಂದ್ರೆ ಇದು ಯಾರನ್ನೂ ನಂಬಲ್ಲ.”

“ವಾಪಸು ಬರಲ್ಲ” ಎಂದಳು ಉದ್ದಕ್ಕ.

ಮನೆಗೆ ಬಂದ ಮೇಲೆ ಅದು ಮಗ್ಗದಲ್ಲಿ ನೂಲೆಳೆಯುತ್ತ ಓಡುವ ಲಾಳಿಯಂತೆ ಕೋಣೆಯಿಂದ ಕೋಣೆಗೆ ಅತ್ತಿಂದಿತ್ತ ಓಡುವ ರೀತಿ ನೋಡಿ ಲಾಳಿ ಎಂದೇ ಹೆಸರಿಟ್ಟಳು. ಉದ್ದಕ್ಕ ಅದನ್ನು ಮಗುವಿನಂತೆ ತೋಳಲ್ಲಿಟ್ಟುಕೊಂಡು ಮೆಟ್ಟಿಲಿಳಿಯುವುದನ್ನು ಕಟ್ಟಡದವರು ಬಾಗಿಲಿಗೆ ಬಂದು ನೋಡಿದರು. “ಒಂಟೆ ಮೇಲೆ ಮೊಲ ಕೂತ ಹಾಗಿದೆ” ಎಂದು ಕೆಳಗಿನ ಮನೆಯವನು ಹೇಳಿದ್ದು ಆಕೆಗೆ ಕಂಡಿತು, ಆಕೆಯೂ ನಕ್ಕಳು.

ಐದನೆಯ ದಿನ ಮಧ್ಯಾಹ್ನ ಉದ್ದಕ್ಕ ಮೇಜಿನ ಮುಂದೆ ನಿಂತು ತರಕಾರಿ ಹೆಚ್ಚುತ್ತಿದ್ದಳು. ತಂಗಿ ಬಂದು ಬಾಗಿಲ ಗಂಟೆ ಒತ್ತಿದಳು. ಲಾಳಿ ಬಾಗಿಲಿಗೆ ಓಡಿತು. ತೆರೆಯಲು ಉದ್ದಕ್ಕ ಬರಲಿಲ್ಲವೆಂದು ಹಿಂದಿರುಗಿ ಓಡಿ ಬಂತು. ತನ್ನ ಹುಟ್ಟುಗುಣ ಹೇಳಿದ್ದನ್ನು ಮಾಡಿತು. ಹಿಮ್ಮಡಿಗೆ ಹಲ್ಲು ತಗುಲಿದ ಕ್ಷಣದಲ್ಲಿ ಉದ್ದಕ್ಕನ ಕೈಯೂ ಚಾಕುವೂ ಇದ್ದಲ್ಲೇ ನಿಂತವು. ಬಲಗಾಲು ಹಾರಿತು. ಹಸುವಿನ ಕಾಲಿನಂತೆ ಅದು ಎತ್ತರಕ್ಕೆ ಹೋಗಲಿಲ್ಲ, ನೆಲಕ್ಕೆ ಸವರಿಕೊಂಡೇ ಹೋಯಿತು. ತಿರುಗಿ ನೋಡಿದರೆ ಲಾಳಿ ಗೋಡೆಯ ಬುಡದಲ್ಲಿ ಬಾಯಿ ತುಂಬ ರಕ್ತವಾಗಿ ಬಿದ್ದಿತ್ತು.

ಪಶುವೈದ್ಯರು ತುಟಿಗೆ ಮೂರು ಹೊಲಿಗೆ ಹಾಕಿದರು. ಹಲ್ಲು ಉಳಿದಿತ್ತು. “ಏನಾಯ್ತು?” ಎಂದು ಅವರು ಕೇಳಿದಾಗ ತಂಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಉದ್ದಕ್ಕ, “ನಾನು ಒದ್ದೆ” ಎಂದಳು.

ಮೂರು ದಿನ ಲಾಳಿ ಮಂಚದ ಕೆಳಗಿನಿಂದ ಬರಲಿಲ್ಲ. ಉದ್ದಕ್ಕ ಊಟದ ತಟ್ಟೆಯನ್ನು ಮಂಚದ ಹತ್ತಿರಕ್ಕೆ ಒಯ್ದು ನೆಲದ ಮೇಲೆ ಕುಳಿತೇ ಉಣ್ಣುತ್ತಿದ್ದಳು. ಮರುವಾರ ಒಂದು ದಿನ, ಆಕೆ ಮತ್ತೆ ಅದೇ ಮೇಜಿನ ಮುಂದೆ ನಿಂತಿದ್ದಾಗ, ಲಾಳಿ ಮೇಜಿನ ಅಡಿಯಿಂದ ನುಸುಳಿ ಎದುರಿಗೆ ಬಂದು ಕುಳಿತು ಮುಖವನ್ನೇ ನೋಡಿತು. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ಬಾಗಿಲ ಕಡೆ ಓಡಿತು. ತೆರೆದರೆ ಅಂಚೆಯವನು ನಿಂತಿದ್ದ. ಉದ್ದಕ್ಕನಿಗೆ ಅಂದು ಆದ ಸಂತೋಷ ಬಹಳ ವರ್ಷಗಳಿಂದ ಆಗಿರಲಿಲ್ಲ.

ಆ ಭಾನುವಾರ ಶೆಡ್ಡಿನ ಗೆಳತಿಯರು ಬಂದರು. ಒಬ್ಬೊಬ್ಬರಾಗಿ ಹೊರಗೆ ಹೋಗಿ ಗಂಟೆ ಒತ್ತಿದರು. ಪ್ರತಿ ಸಲವೂ ಲಾಳಿ ಉದ್ದಕ್ಕನನ್ನು ಸುತ್ತಿ ಬಂದು, ಎದುರಿಗೆ ಕುಳಿತು, ನೋಡುವವರೆಗೆ ಕಾಯಿತು.

“ನೋಡ್ರೇ, ಶೆಡ್ಡಿನ ಮರ್ಯಾದೆ ಕಲ್ತುಬಿಟ್ಟಿದೆ!”

“ಹೊಸ ಮೇಸ್ತ್ರಿಗಿಂತ ವಾಸಿ. ಅವನಿಗೆ ಇನ್ನೂ ಎದುರಿಗೆ ಬರೋದು ಗೊತ್ತಿಲ್ಲ.”

ತಂಗಿಗೆ ಮಾತ್ರ ಸಮಾಧಾನವಿರಲಿಲ್ಲ. “ನಾಯಿ ಬಾಲ ಯಾವತ್ತಿದ್ರೂ ಡೊಂಕು. ಇನ್ನೊಂದು ದಿನ ಕಚ್ಚುತ್ತೆ, ಇವಳು ಇನ್ನೊಂದು ದಿನ ಒದೀತಾಳೆ.”

“ಇದಕ್ಕೆ ಬಾಲಾನೇ ಇಲ್ವಲ್ಲಮ್ಮ” ಎಂದಳು ಎಂಟಕ್ಕ. “ಡೊಂಕು ಎಲ್ಲಿಂದ ಬರ್ಬೇಕು?”

ಎಲ್ಲರೂ ನಕ್ಕರು. ಲಾಳಿಯ ತುಟಿಯ ಹೊಲಿಗೆಯನ್ನು ಸವರಿ, ಜಾಣೆ, ಜಾಣೆ ಎಂದು ಹೊಗಳಿದರು. ಹಿಂದಿನಿಂದ ಮುಟ್ಟಬಾರದೆಂಬುದನ್ನು ಉಸಿರಾಟದಂತೆ ರೂಢಿಸಿಕೊಂಡಿದ್ದ ಆ ಹೆಂಗಸರಲ್ಲಿ ಒಬ್ಬಳಿಗೂ, ಈ ನಾಯಿಯನ್ನು ಆರಿಸಿ ತಂದದ್ದೇ ಹಿಂದಿನಿಂದ ಮುಟ್ಟಲೆಂಬುದು ಹೊಳೆಯಲಿಲ್ಲ. ಉದ್ದಕ್ಕನಿಗೂ, ಕಚ್ಚೀತೆಂಬ ಹೆದರಿಕೆಯಲ್ಲಿದ್ದ ತಂಗಿಗೂ ಹೊಳೆಯಲಿಲ್ಲ. ಬೇರೆ ಯಾವ ಕೆಲಸದವರು ಆ ಕೋಣೆಯಲ್ಲಿದ್ದರೂ ಬಹುಶಃ ಹೊಳೆಯುತ್ತಿತ್ತು.

ಕರಾರು ಮುಗಿಯಲು ಒಂದು ತಿಂಗಳಿರುವಾಗ ಮಾಲೀಕರು ಪರೀಕ್ಷೆಗೆ ಬಂದರು. “ನಿಮ್ಮ ಪಾಡಿಗೆ ನೀವು ಕೆಲಸ ಮಾಡ್ತಿರಿ. ಯಾವಾಗ ಒತ್ತುತ್ತೀನಿ ಅಂತ ಹೇಳಲ್ಲ” ಎಂದು ಮೆಟ್ಟಿಲ ಹತ್ತಿರದ ಅಪಾಯದ ಗಂಟೆಯ ಕಡೆ ಹೋದರು. ಉದ್ದಕ್ಕ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಆ ಅಡುಗೆಮನೆ ಒಬ್ಬರು ನಿಲ್ಲುವಷ್ಟೇ ಅಗಲ. ತೊಟ್ಟಿ ಗೋಡೆಗೆ ಅಂಟಿಕೊಂಡಿದೆ, ಅದರ ಕೆಳಗೆ ನುಸುಳಲು ಸಂದಿಯಿಲ್ಲದ ಕಲ್ಲಿನ ಕಟ್ಟೆ. ಮೂರು ಪಾತ್ರೆ ತೊಳೆದಾದ ಮೇಲೆ ಒರೆಸುವ ಬಟ್ಟೆಗೆಂದು ತಿರುಗಿದಳು.

ಬಾಗಿಲಲ್ಲಿ ಮಾಲೀಕರು ನಿಂತಿದ್ದರು. ಅವರಿಗೂ ಆಕೆಗೂ ನಡುವೆ, ಒಂದು ಮಾರು ದೂರದಲ್ಲಿ, ಲಾಳಿ ಕುಳಿತಿತ್ತು. ಅದರ ಮೈ ನಡುಗುತ್ತಿತ್ತು. ಕಣ್ಣು ಉದ್ದಕ್ಕನ ಮೇಲೇ ಇತ್ತು.

“ಎಷ್ಟು ಹೊತ್ತಾಯ್ತು?” ಎಂದಳು ಉದ್ದಕ್ಕ.

“ನಾಲ್ಕು ನಿಮಿಷ.” ಮಾಲೀಕರು ಈ ಸಲ ಮುಖ ತಿರುಗಿಸಲಿಲ್ಲ. “ಮೊದಲು ಬೊಗಳ್ತು. ಆಮೇಲೆ ನಿಮ್ಮ ಮುಂದಕ್ಕೆ ಬರೋಕೆ ನೋಡ್ತು. ಜಾಗ ಇರ್ಲಿಲ್ಲ. ಕೂತುಬಿಡ್ತು.”

ಆಕೆ ನಲ್ಲಿ ನಿಲ್ಲಿಸಿದಳು.

“ತಿಂಗಳ ಕಡೇ ದಿನ ಇನ್ನೊಂದು ಸಲ ಬರ್ತೀನಿ ಅಮ್ಮಾ. ಆಮೇಲೆ ನನ್ನನ್ನ ಕೇಳ್ಬೇಡಿ.”

ಮರುದಿನವೇ ಉದ್ದಕ್ಕ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಂಚಿಗೆ ಹೋದಳು. ನಾಯಿ ಸಾಕುವ ಹೆಂಗಸು ತುಟಿಯ ಗಾಯದ ಗುರುತನ್ನು ನೋಡಿ, ನಡೆದದ್ದನ್ನೆಲ್ಲ ಕೇಳಿ, ಬೈಯಲಿಲ್ಲ.

“ಕೊಟ್ಟ ಪಾಠಾನ ಸರಿಯಾಗೇ ಕಲ್ತಿದೆ. ಒಂದೇ ಒದೆಗೆ.”

“ಮತ್ತೆ ಕಲಿಸೋಕೆ ಆಗಲ್ವಾ?”

“ಹಿಮ್ಮಡಿಗೆ ಬೆಣ್ಣೆ ಸವರಿ, ಗಂಟೆ ಹೊಡೀರಿ. ಹತ್ತು ಹದಿನೈದು ದಿನದಲ್ಲಿ ಮತ್ತೆ ಹತ್ರ ಬರುತ್ತೆ. ಆದ್ರೆ ಆ ಕಾಲು ಇನ್ನೊಂದು ಸಲ ಎದ್ದರೆ ಮುಗೀತು. ನಾಯಿಗೆ ನಾನು ಹೇಳಿಕೊಡ್ತೀನಿ ಅಮ್ಮ. ನಿಮ್ಮ ಕಾಲಿಗೆ ಯಾರು ಹೇಳಿಕೊಡ್ತಾರೆ?”

ಆ ಪ್ರಶ್ನೆಗೆ ಉತ್ತರ ಉದ್ದಕ್ಕನಿಗೆ ಹಿಂದಿರುಗುವ ಬಸ್ಸಿನಲ್ಲೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಪಾಳಿ ಮುಗಿದ ಮೇಲೆ ನೂಲಿನ ಉಗ್ರಾಣಕ್ಕೆ ಹೋಗಿ, ಉಂಡೆಗಳ ರಾಶಿಯ ನಡುವೆ ಎಂಟಕ್ಕನ ಎದುರಿಗೆ ನಿಂತಳು.

“ಮನೆಗೆ ಬಾ. ದಿನಾ ಬಾ. ನನ್ನನ್ನ ಹಿಂದಿನಿಂದ ಮುಟ್ಬೇಕು ನೀನು. ಕಾಲು ಏಳೋದು ನಿಲ್ಲೋವರೆಗೂ.”

ಎಂಟಕ್ಕ ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟಳು. “ಬೇರೆ ಯಾರೂ ಸಿಗ್ಲಿಲ್ವೇನೇ ನಿನಗೆ?”

“ಈ ಕಾಲು ನಿನ್ನ ಕೈ ನೋಡಿ ಕಲ್ತಿದ್ದಲ್ವಾ?”

ಮೂವತ್ತಮೂರು ವರ್ಷಗಳಲ್ಲಿ ಅವರಿಬ್ಬರೂ ಈ ಮಾತನ್ನು ಎತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಿಯಮ ಗೊತ್ತಿದ್ದೂ, ಒಂದು ಬೆಳಿಗ್ಗೆ ಓಡಿ ಬಂದು ಎದುರು ಮಗ್ಗದವಳ ಹೆಗಲನ್ನು ಹಿಂದಿನಿಂದ ಹಿಡಿದು ಕುಲುಕಿದ್ದು ಉದ್ದಕ್ಕ. ಬೆರಳು ಹೋದದ್ದು ಎಂಟಕ್ಕನದು. ವಿಚಾರಣೆಯಲ್ಲಿ ಎಂಟಕ್ಕ, ತಾನೇ ಜಾರಿದೆ ಎಂದಳು. ಉದ್ದಕ್ಕನ ಕೆಲಸ ಉಳಿಯಿತು. ಅಂದಿನಿಂದ ಉದ್ದಕ್ಕ ತನ್ನ ಬೆಚ್ಚುವಿಕೆಯನ್ನು ಕಾಲಿಗೆ ಇಳಿಸಲು ಕಲಿತಳು.

ಎಂಟಕ್ಕ ಬಂದಳು. ಮೊದಲ ದಿನ ಉದ್ದನೆಯ ಕೋಲಿನ ತುದಿಗೆ ಚಿಂದಿ ಸುತ್ತಿ, ತೊಟ್ಟಿಯ ಮುಂದೆ ನಿಂತವಳ ಹಿಮ್ಮಡಿಗೆ ತಾಗಿಸಿದಳು. ಕೋಲು ಹಾರಿ ಹೋಗಿ ಕಿಟಕಿಗೆ ಬಡಿಯಿತು. ಐವತ್ತು ಸಲ ತಾಗಿಸಿದರೆ ಐವತ್ತು ಸಲವೂ ಕಾಲು ಎದ್ದಿತು. ಎರಡನೆಯ ದಿನ ಎಂಟಕ್ಕ ಮೊಣಕಾಲಿನಿಂದ ಪಾದದವರೆಗೆ ದಿಂಬು ಕಟ್ಟಿಕೊಂಡು ಬಂದು ನಿಂತಳು. ಉದ್ದಕ್ಕ ತಿರುಗಿ ನೋಡಿದಾಗ, “ಲೇ, ಎಂಟನ್ನ ಏಳು ಮಾಡ್ಬೇಡ ಕಣೇ” ಎಂದಳು. ಇಬ್ಬರೂ ನಗುತ್ತ ನೆಲದ ಮೇಲೆ ಕುಳಿತುಬಿಟ್ಟರು. ಲಾಳಿ ಮಂಚದ ಕೆಳಗಿನಿಂದ ಇದನ್ನೆಲ್ಲ ನೋಡುತ್ತಿತ್ತು.

ಕೆಲಸ ನಿಧಾನವಾಗಿತ್ತು. ಗೊತ್ತಿದ್ದು ತಾಗಿದರೆ ಕಾಲು ಸುಮ್ಮನಿರುತ್ತಿತ್ತು. ಮನಸ್ಸು ಬೇರೆಲ್ಲೋ ಹೋಗಿದ್ದಾಗ ತಾಗಿದರೆ ಏಳುತ್ತಿತ್ತು. ಹಾಗಾಗಿ ಎಂಟಕ್ಕ ಕಾಯುವುದನ್ನು ಕಲಿತಳು. ಅರ್ಧ ಗಂಟೆ ಏನೂ ಮಾಡದೆ ಕುಳಿತಿರುವಳು. ಉದ್ದಕ್ಕ ಪಾತ್ರೆಯಲ್ಲಿ ಮುಳುಗಿದಾಗ ಸದ್ದಿಲ್ಲದೆ ಬಂದು ತಾಗಿಸುವಳು. ಎರಡನೆಯ ವಾರದ ಕೊನೆಗೆ ಕಾಲು ಎದ್ದು, ಅರ್ಧಕ್ಕೇ ನಿಂತು, ಇಳಿಯತೊಡಗಿತು. ಆಮೇಲೆ ಬರಿಯ ಮೀನಖಂಡ ಬಿಗಿಯುವಷ್ಟಕ್ಕೆ ಬಂತು.

ಹದಿನಾರನೆಯ ದಿನ ಎಂಟಕ್ಕ ಕೋಲನ್ನು ಮೂಲೆಗಿಟ್ಟಳು. ನೆಲದ ಮೇಲೆ ಮಂಡಿಯೂರಿ ಬಂದು, ಬಲಗೈಯಲ್ಲಿ ಉಳಿದಿದ್ದ ಬೆರಳುಗಳಿಂದ ಉದ್ದಕ್ಕನ ಹಿಮ್ಮಡಿಯನ್ನು ಹಿಡಿದಳು. ಹ್ಞಾಂ ಎನ್ನುವಷ್ಟರಲ್ಲಿ ಉದ್ದಕ್ಕನಿಗೆ ಅದು ಯಾವ ಕೈಯೆಂದು ತಿಳಿಯಿತು. ಕಾಲು ಬಿಗಿಯಿತು, ನಡುಗಿತು, ನೆಲ ಬಿಟ್ಟು ಏಳಲಿಲ್ಲ. ಎಂಟಕ್ಕ ಕೈ ತೆಗೆಯಲೂ ಇಲ್ಲ. ನಲ್ಲಿಯ ನೀರು ತೊಟ್ಟಿ ತುಂಬಿ ಹೊರಗೆ ಹರಿಯುವವರೆಗೆ ಅವರಿಬ್ಬರೂ ಹಾಗೆಯೇ ಇದ್ದರು. ಆಮೇಲೆ ಉದ್ದಕ್ಕ ತಿರುಗಿ, ಅವಳ ಎದುರಿಗೆ ನೆಲದ ಮೇಲೆ ಕುಳಿತಳು.

“ಆವತ್ತು ನೀನು ಯಾಕೆ ಹಾಗೆ ಓಡಿ ಬಂದೆ ಅಂತ ಈವತ್ತಿನವರೆಗೂ ನನಗೆ ಗೊತ್ತಿಲ್ಲ” ಎಂದಳು ಎಂಟಕ್ಕ.

“ತಂಗಿ ಪರೀಕ್ಷೆ ಪಾಸಾಗಿದ್ಲು.”

“ಅಷ್ಟೇನಾ?”

“ಅಷ್ಟೇ.”

“ಎಷ್ಟು ಮಾರ್ಕ್ಸು ಬಂದಿತ್ತು?”

ಉದ್ದಕ್ಕ ನೆನಪಿಸಿಕೊಳ್ಳಲು ನೋಡಿದಳು. “ಗೊತ್ತಿಲ್ಲ ಕಣೇ. ಮರೆತುಹೋಗಿದೆ.”

“ಹಾಳಾಗಿ ಹೋಗ್ಲಿ” ಎಂದಳು ಎಂಟಕ್ಕ. “ಎರಡು ಬೆರಳಿಗೆ ಸರಿಯಾಗಿ ಮೊದಲನೇ ದರ್ಜೆಯಾದ್ರೂ ಬಂದಿರ್ಬೇಕಿತ್ತು.” ಹೇಳಿ, ಸೀರೆಯ ಸೆರಗಿನಿಂದ ತನ್ನ ಮುಖವನ್ನಲ್ಲ, ಉದ್ದಕ್ಕನ ಮುಖವನ್ನು ಒರೆಸಿದಳು.

ಇನ್ನು ನಾಯಿಯ ಸರದಿ. ಹಿಮ್ಮಡಿಗೆ ಬೆಣ್ಣೆ ಸವರಿಕೊಂಡು ಉದ್ದಕ್ಕ ಗೋಡೆಗೆ ಮುಖ ಮಾಡಿ ನಿಲ್ಲುವಳು. ಎಂಟಕ್ಕ ಹೊರಗೆ ಗಂಟೆ ಒತ್ತುವಳು. ಲಾಳಿ ಮೊದಲು ಮಾರು ದೂರದಲ್ಲೇ ನಿಂತಿತು. ಮೂರು ದಿನಕ್ಕೆ ಮೂಗು ಚಾಚಿತು, ನಾಲ್ಕಕ್ಕೆ ನೆಕ್ಕಿತು. ನೆಕ್ಕಿದಾಗ ಕಾಲು ಅಲ್ಲಾಡದ್ದನ್ನು ಕಂಡು, ತುಸು ಹೊತ್ತು ಆ ಕಾಲನ್ನೇ ತಲೆ ಓರೆ ಮಾಡಿ ನೋಡಿತು. ಕಚ್ಚಲಿಲ್ಲ. ತಿಂಗಳ ಕೊನೆಗೆ ಎರಡು ದಿನ ಉಳಿದಿದ್ದವು. ತಂಗಿ ತನ್ನ ಮನೆಯ ಖಾಲಿ ಕೋಣೆಗೆ ಹೊಸ ಪರದೆ ಹಾಕಿಸಿದ್ದಳು. ಹೇಳಿರಲಿಲ್ಲ, ಆದರೆ ಅವಳ ಮುಖದಲ್ಲಿ ಅದು ಬರೆದಿತ್ತು.

ಕಡೇ ದಿನ ಮಾಲೀಕರು ಬಂದಾಗ ಮಧ್ಯಾಹ್ನ ಮೂರಾಗಿತ್ತು. ಎಂಟಕ್ಕನನ್ನೂ ತಂಗಿಯನ್ನೂ ಮೆಟ್ಟಿಲ ಹತ್ತಿರವೇ ನಿಲ್ಲಿಸಿಕೊಂಡರು. ಉದ್ದಕ್ಕ ಬೆಣ್ಣೆ ಸವರಿಕೊಳ್ಳಲಿಲ್ಲ. ಬೆಂಕಿ ಬಿದ್ದಾಗ ಯಾರು ಬೆಣ್ಣೆ ಸವರಿಕೊಂಡಿರುತ್ತಾರೆ? ಒಲೆಯ ಮೇಲೆ ಹಾಲಿಟ್ಟು, ತೊಟ್ಟಿಯ ಮುಂದೆ ನಿಂತು, ಒಂದು ಪಾತ್ರೆ ತೊಳೆದಳು. ಎರಡು ತೊಳೆದಳು. ಕಣ್ಣ ಮುಂದೆ ಗೋಡೆ, ಗೋಡೆಯ ಸುಣ್ಣದಲ್ಲಿ ಕೂದಲೆಳೆಯಂಥ ಬಿರುಕು. ಹಿಂದೆ ಏನು ನಡೆಯುತ್ತಿದೆ, ಏನಾದರೂ ನಡೆಯುತ್ತಿದೆಯೇ ಎಂದು ತಿಳಿಯುವ ಯಾವ ದಾರಿಯೂ ಇರಲಿಲ್ಲ. ತಿರುಗಿ ನೋಡಬಾರದು. ಮೂರನೆಯ ಪಾತ್ರೆಯ ತಳಕ್ಕೆ ಕೈ ಹಾಕಿದಳು.

ಬಲಗಾಲಿನ ಹಿಮ್ಮಡಿಗೆ ಬಿಸಿಯುಸಿರು ಸೋಕಿತು. ಹೋಯಿತು. ಮತ್ತೆ ಸೋಕಿತು. ಆಮೇಲೆ ಹಲ್ಲು, ಅನುಮಾನಿಸುತ್ತ, ಅರ್ಧ ಹಿಡಿದು ಬಿಟ್ಟಂತೆ. ಕಾಲು ನಿಂತೇ ಇದೆಯೆಂದು ತಿಳಿದ ಮೇಲೆ, ಗಟ್ಟಿಯಾಗಿ.

ಉದ್ದಕ್ಕ ಪಾತ್ರೆಯನ್ನು ಕೆಳಗಿಟ್ಟಳು, ಒಲೆ ಆರಿಸಿದಳು, ಬಗ್ಗಿ ಲಾಳಿಯನ್ನು ಎತ್ತಿಕೊಂಡಳು, ಬಾಗಿಲು ತೆರೆದಳು. ಮಾಲೀಕರ ಬೆರಳು ಇನ್ನೂ ಅಪಾಯದ ಗಂಟೆಯ ಗುಂಡಿಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಗಡಿಯಾರ.

“ಐವತ್ತು ಸೆಕೆಂಡು” ಎಂದರು. ಅವರ ಮುಖದ ಗಂಟುಗಳು ಒಂದೊಂದಾಗಿ ಸಡಿಲವಾದವು. “ಸಾಕು ಅಮ್ಮಾ. ನನಗೆ ಸಾಕು. ನಾಳೆ ಕರಾರು ಕಳಿಸಿಕೊಡ್ತೀನಿ, ರುಜು ಹಾಕಿ.”

ತಂಗಿ ಅಳುತ್ತಿದ್ದಳು; ಸಂತೋಷಕ್ಕೋ ಪರದೆಗೋ ಹೇಳುವಂತಿರಲಿಲ್ಲ. ಎಂಟಕ್ಕ ಲಾಳಿಯ ಕಿವಿ ಹಿಡಿದು ಮೆಲ್ಲಗೆ ಎಳೆದಳು. ಉದ್ದಕ್ಕ ಮಾತ್ರ ಹೊಸ್ತಿಲಲ್ಲೇ ನಿಂತಿದ್ದಳು.

“ಇನ್ನೊಂದು ಸಲ ಒತ್ತಿ” ಎಂದಳು.

“ಯಾಕಮ್ಮ? ನಾನು ನೋಡಿದ್ನಲ್ಲ, ನನಗೆ ಸಾಕು ಅಂದೆ.”

“ನಿಮಗೆ ಸಾಕು. ಇಲ್ಲಿ ಇರೋಳು ನಾನಲ್ವಾ?”

ಮಾಲೀಕರು ಎಂಟಕ್ಕನ ಕಡೆ ನೋಡಿದರು. ಎಂಟಕ್ಕ, ಒತ್ತಿ ಸ್ವಾಮಿ ಎಂಬಂತೆ ತಲೆಯಾಡಿಸಿದಳು. ಉದ್ದಕ್ಕ ಲಾಳಿಯನ್ನು ಮುಂದಿನ ಕೋಣೆಯಲ್ಲಿ ಇಳಿಸಿ, ಅಡುಗೆಮನೆಗೆ ಹೋದಳು. ಒಲೆ ಹಚ್ಚಿ, ನಲ್ಲಿ ಬಿಟ್ಟು, ಗೋಡೆಗೆ ಮುಖ ಮಾಡಿ ನಿಂತು, ಕಾಯತೊಡಗಿದಳು.